620ರಿಂದ 592ಕ್ಕೆ: ಶಕ್ತಿ ಉತ್ಪಾದನೆಯ ವಾರ್ಷಿಕ ಏರಿಳಿತವನ್ನು ಓದುವ ಬಗೆ

ಎನರ್ಜಿ ಇನ್‌ಸ್ಟಿಟ್ಯೂಟ್ ಎಂಬ ಲಂಡನ್ನಿನ ಸಂಸ್ಥೆ 2024ರಲ್ಲಿ ಹೊರತಂದ ವಾರ್ಷಿಕ ಅಂಕಿಅಂಶ ವರದಿಯಲ್ಲಿ 2023ರ ಜಾಗತಿಕ ಪ್ರಾಥಮಿಕ ಶಕ್ತಿ (ಕಲ್ಲಿದ್ದಲು, ತೈಲ, ಅನಿಲ, ಹರಿಯುವ ನೀರಿನಂಥ ಮೂಲಗಳಿಂದ ನೇರವಾಗಿ ಸಿಗುವ ಶಕ್ತಿ) ಬಳಕೆ 620 ಎಕ್ಸಾಜೂಲ್ ಎಂದಿತ್ತು. ಮರುವರ್ಷದ ವರದಿಯಲ್ಲಿ 2024ರ ಅಂಕಿ 592 ಎಕ್ಸಾಜೂಲ್. ಎರಡನ್ನೂ ಅಕ್ಕಪಕ್ಕ ಇಟ್ಟು ಕಳೆದರೆ ಶೇ. 4.5ರ ಕುಸಿತ. ಕೋವಿಡ್ ವರ್ಷವಾದ 2020ರಲ್ಲಿ ಜಗತ್ತು ಕಂಡ ಕುಸಿತವೂ ಹೆಚ್ಚುಕಡಿಮೆ ಅಷ್ಟೇ. ಆದರೆ 2024ರಲ್ಲಿ ಅಂಥದ್ದೇನೂ ನಡೆಯಲಿಲ್ಲ. ಪೂರೈಕೆ ಶೇ. 2ರಷ್ಟು ಏರಿತು ಎಂದು ಅದೇ ಎರಡನೇ ವರದಿ ಹೇಳುತ್ತದೆ. ಬದಲಾದದ್ದು ಲೆಕ್ಕ ಹಾಕುವ ಪದ್ಧತಿ.

ವಾರ್ಷಿಕ ಬದಲಾವಣೆಯ ಅಂಕಿಯೊಂದು ಕೈಗೆ ಬಂದಾಗ ಅದರೊಳಗೆ ನಾಲ್ಕು ಸಂಗತಿಗಳು ಬೆರೆತಿರುತ್ತವೆ: ನೆಲದಿಂದ ನಿಜವಾಗಿ ಹೆಚ್ಚು ಅಥವಾ ಕಡಿಮೆ ತೆಗೆದದ್ದು, ಅದನ್ನು ಅಳೆದ ಪದ್ಧತಿ, ಪ್ರದೇಶದ ಗಡಿ ಎಳೆದ ರೀತಿ, ವರ್ಷ ಎಂದರೆ ಯಾವ ತಿಂಗಳಿಂದ ಯಾವ ತಿಂಗಳು ಎಂಬುದು. ಮೊದಲನೆಯದರ ಕಾರಣ ಹುಡುಕುವ ಮೊದಲು ಉಳಿದ ಮೂರನ್ನು ಕಳೆಯಬೇಕು. ಎಷ್ಟೋ ವಿಶ್ಲೇಷಣೆಗಳು ಇದನ್ನು ಉಲ್ಟಾ ಮಾಡುತ್ತವೆ. ಅಂಕಿ ಇಳಿದದ್ದು ಕಂಡ ಕೂಡಲೇ ಯುದ್ಧವನ್ನೋ ಬೆಲೆಯನ್ನೋ ಹೊಣೆ ಮಾಡಿಬಿಡುತ್ತವೆ.

ಮೊದಲು ಅಳತೆ. ಪ್ರದೇಶಗಳನ್ನು ಹೋಲಿಸಲು ಎಲ್ಲವನ್ನೂ ಎಕ್ಸಾಜೂಲ್‌ಗೆ ತಂದುಕೊಳ್ಳುವುದು ಉತ್ತಮ. 1ರ ಮುಂದೆ 18 ಸೊನ್ನೆ ಹಾಕಿದಷ್ಟು ಜೂಲ್ ಎಂದರೆ 1 ಎಕ್ಸಾಜೂಲ್. ಅದು ಸುಮಾರು 2.39 ಕೋಟಿ ಟನ್ ತೈಲಸಮಾನಕ್ಕೆ (ಅಂದರೆ ಅಷ್ಟು ಟನ್ ತೈಲದಲ್ಲಿರುವ ಶಕ್ತಿಗೆ) ಅಥವಾ, 1 ಟೆರಾವಾಟ್ ಅವರ್ ಎಂದರೆ 100 ಕೋಟಿ ಯೂನಿಟ್ ವಿದ್ಯುತ್ ಎಂಬ ಲೆಕ್ಕದಲ್ಲಿ, 278 ಟೆರಾವಾಟ್ ಅವರ್‌ಗೆ ಸಮ. ಬಾಯಲ್ಲೇ ಇರಬೇಕಾದ ಲೆಕ್ಕಗಳು ಇವು: ದಿನಕ್ಕೆ 10 ಲಕ್ಷ ಬ್ಯಾರೆಲ್ ಕಚ್ಚಾ ತೈಲ ಒಂದು ವರ್ಷ ಪೂರ್ತಿ ಹರಿದರೆ ಸುಮಾರು 2.1 ಎಕ್ಸಾಜೂಲ್, 10,000 ಕೋಟಿ ಘನ ಮೀಟರ್ ನೈಸರ್ಗಿಕ ಅನಿಲ ಸುಮಾರು 3.6, 10 ಕೋಟಿ ಟನ್ ಕಲ್ಲಿದ್ದಲು, ಟನ್ನಿಗೆ 21 ಗಿಗಾಜೂಲ್ (1 ಗಿಗಾಜೂಲ್ ಎಂದರೆ 100 ಕೋಟಿ ಜೂಲ್) ಇದ್ದರೆ 2.1, ಟನ್ನಿಗೆ 15 ಮಾತ್ರ ಇದ್ದರೆ 1.5. ಇವು ತಿಳಿದಿದ್ದರೆ ಸುದ್ದಿಯಲ್ಲಿ ಬರುವ ಯಾವ ಅಂಕಿಯನ್ನಾದರೂ ಅರ್ಧ ನಿಮಿಷದಲ್ಲಿ ತೂಗಿ ನೋಡಬಹುದು.

ಕಲ್ಲಿದ್ದಲಿನ ವಿಷಯದಲ್ಲಿ ಟನ್ನನ್ನು ನಂಬಬೇಡಿ. ಚೀನಾದ 2022ರ ಉತ್ಪಾದನೆಯನ್ನೇ ತೆಗೆದುಕೊಳ್ಳೋಣ. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಇಲಾಖೆ ಜನವರಿಯಲ್ಲಿ ಕೊಟ್ಟದ್ದು ಸುಮಾರು 450 ಕೋಟಿ ಟನ್, ಏರಿಕೆ ಶೇ. 9. ಫೆಬ್ರವರಿಯ ವಾರ್ಷಿಕ ಪ್ರಕಟಣೆಯಲ್ಲಿ ಬಂದದ್ದು 456 ಕೋಟಿ ಟನ್, ಏರಿಕೆ ಶೇ. 10.5. ಮೊದಲನೆಯದು ನಿಗದಿತ ವಹಿವಾಟು ಮೀರಿದ ಕಂಪನಿಗಳದ್ದು ಮಾತ್ರ, ಎರಡನೆಯದು ಎಲ್ಲವೂ ಸೇರಿ. ಒಂದೇ ಇಲಾಖೆ, ಒಂದೇ ವರ್ಷ, ಎರಡು ಸರಿಯಾದ ಉತ್ತರ. ಇನ್ನು ಆ 43 ಕೋಟಿ ಟನ್ ಏರಿಕೆಯನ್ನು ಶಕ್ತಿಗೆ ಪರಿವರ್ತಿಸುವಾಗ ಟನ್ನಿಗೆ 20 ಗಿಗಾಜೂಲ್ ಹಿಡಿದರೆ 8.6 ಎಕ್ಸಾಜೂಲ್ ಬರುತ್ತದೆ, 18 ಹಿಡಿದರೆ 7.7. ಉಷ್ಣಮೌಲ್ಯದ, ಅಂದರೆ ಉರಿಸಿದಾಗ ಸಿಗುವ ಶಾಖದ, ಊಹೆಯಲ್ಲಿ ಇಷ್ಟು ಅತ್ತಿತ್ತಾದರೆ ಏಳುವ 0.9 ಎಕ್ಸಾಜೂಲ್ ವ್ಯತ್ಯಾಸವೇ ಒಂದು ದೊಡ್ಡ ದೇಶದ ಇಡೀ ವರ್ಷದ ಏರುಪೇರಿನಷ್ಟು ದೊಡ್ಡದು. ಉತ್ಪಾದನೆಯನ್ನು ಅವಸರದಲ್ಲಿ ಏರಿಸಿದ ವರ್ಷಗಳಲ್ಲಿ ಕಲ್ಲು, ಬೂದಿ ಹೆಚ್ಚಿರುವ ಪದರಗಳೂ ಮೇಲೆ ಬರುತ್ತವೆ. ಹಾಗಾಗಿ ಹಳೆಯ ವರ್ಷದ ಗುಣಾಂಕವನ್ನೇ ಮುಂದುವರಿಸಿದರೆ ಏರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಅಂಕಿಗಳಲ್ಲಿ ಬೇರೆಯದೇ ಹಳ್ಳವಿದೆ: ಅವು ಶಾರ್ಟ್ ಟನ್‌ನಲ್ಲಿರುತ್ತವೆ, ಅಂದರೆ 907 ಕಿಲೋ. 2008ರ 117 ಕೋಟಿ ಶಾರ್ಟ್ ಟನ್ ಎಂದರೆ 106 ಕೋಟಿ ಮೆಟ್ರಿಕ್ ಟನ್. ಸಾಲಿನ ನಡುವೆ ಮೂಲ ಬದಲಾಯಿಸಿದರೆ ಶೇ. 10ರ ಸುಳ್ಳು ಕುಸಿತವೋ ಏರಿಕೆಯೋ ತಾನಾಗಿ ಹುಟ್ಟುತ್ತದೆ.

ಅನಿಲದ ಘನ ಮೀಟರ್ ಇದಕ್ಕಿಂತ ಮೋಸದ್ದು, ಏಕೆಂದರೆ ನೋಡಲು ಪಕ್ಕಾ ಅಳತೆಯಂತೆ ಕಾಣುತ್ತದೆ. ರಷ್ಯಾದ 2021ರ ಉತ್ಪಾದನೆ ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ ಸುಮಾರು 76,200 ಕೋಟಿ ಘನ ಮೀಟರ್, ಬ್ರಿಟಿಷ್ ತೈಲ ಕಂಪನಿ ಬಿಪಿಯ ವಾರ್ಷಿಕ ವರದಿಯಲ್ಲಿ ಸುಮಾರು 70,200 ಕೋಟಿ. ಇಲ್ಲಿ ಯಾರೂ ಅನಿಲ ಕದ್ದಿಲ್ಲ. ರಷ್ಯಾ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತದೆ. ಬಿಪಿ ವರದಿಯದ್ದು 15 ಡಿಗ್ರಿ, ಜೊತೆಗೆ ಘನ ಮೀಟರಿಗೆ 40 ಮೆಗಾಜೂಲ್ (1 ಮೆಗಾಜೂಲ್ ಎಂದರೆ 10 ಲಕ್ಷ ಜೂಲ್) ಇರುವ ಕಲ್ಪಿತ ಅನಿಲಕ್ಕೆ ಹೊಂದಿಸಿದ ಅಂಕಿ. ತಾಪಮಾನ ಒಂದರಿಂದಲೇ ಶೇ. 1.7 ಕಡಿಮೆಯಾಗುತ್ತದೆ, ಉಳಿದದ್ದಕ್ಕೆ ಮುಖ್ಯ ಕಾರಣ ಉಷ್ಣಮೌಲ್ಯ. ನೆದರ್‌ಲೆಂಡ್ಸ್‌ನ ಗ್ರೊನಿಂಗೆನ್ ಅನಿಲದಲ್ಲಿ ಶೇ. 14ರಷ್ಟು ಸಾರಜನಕವೇ ಇದೆ. ಅದರ ಒಂದು ಘನ ಮೀಟರಿಗೆ ಸುಮಾರು 35 ಮೆಗಾಜೂಲ್. ಮೇಲಿನ ಬಾಯಿಲೆಕ್ಕವನ್ನು ಆ ಅನಿಲಕ್ಕೆ ಹಾಗೇ ಹಚ್ಚಿದರೆ ಯುರೋಪಿನ ಇಳಿಕೆ ಉತ್ಪ್ರೇಕ್ಷೆಯಾಗುತ್ತದೆ.

ಇದರ ಮೇಲೆ ಒಟ್ಟು ಉಷ್ಣಮೌಲ್ಯ, ನಿವ್ವಳ ಉಷ್ಣಮೌಲ್ಯ ಎಂಬ ಇನ್ನೊಂದು ಭೇದ. ಉರಿದಾಗ ಹುಟ್ಟುವ ನೀರಾವಿಯ ಶಾಖವನ್ನು ಸೇರಿಸಿದರೆ ಒಟ್ಟು, ಬಿಟ್ಟರೆ ನಿವ್ವಳ. ಅನಿಲದಲ್ಲಿ ಇವೆರಡರ ಅಂತರ ಶೇ. 10, ಕಲ್ಲಿದ್ದಲು ಮತ್ತು ತೈಲದಲ್ಲಿ ಶೇ. 5ರ ಆಸುಪಾಸು. ಮೇಲೆ ಬಂದ 40 ಮತ್ತು 35 ಮೆಗಾಜೂಲ್ ಒಟ್ಟು ಮೌಲ್ಯ, ಬಾಯಿಲೆಕ್ಕದ 3.6 ಎಕ್ಸಾಜೂಲ್ ನಿವ್ವಳ. ಅಮೆರಿಕದ ಇಂಧನ ಮಾಹಿತಿ ಸಂಸ್ಥೆ ಇಐಎ ಒಟ್ಟು ಮೌಲ್ಯ ಬಳಸುತ್ತದೆ, ಪ್ಯಾರಿಸ್‌ನ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಐಇಎ ನಿವ್ವಳ ಮೌಲ್ಯ. ಪಶ್ಚಿಮ ಏಷ್ಯಾಕ್ಕೆ ಒಂದು ಮೂಲ, ಉತ್ತರ ಅಮೆರಿಕಕ್ಕೆ ಇನ್ನೊಂದು ಎಂದು ಕಲಸುವವರು ಇದನ್ನು ನೆನಪಿಡಬೇಕು. ನನ್ನ ಮಟ್ಟಿಗೆ ಹಾಗೆ ಕಲಸುವುದೇ ತಪ್ಪು.

ತೈಲದ ಬ್ಯಾರೆಲ್‌ನಲ್ಲಿ ಗಮನಿಸಬೇಕಾದ್ದು ಅನಿಲದ ಜೊತೆ ಬರುವ ದ್ರವಗಳು. 2019ರಲ್ಲಿ ಅಮೆರಿಕ ದಿನಕ್ಕೆ 1.23 ಕೋಟಿ ಬ್ಯಾರೆಲ್ ಕಚ್ಚಾ ತೈಲ ತೆಗೆಯಿತು. ಈಥೇನ್, ಪ್ರೊಪೇನ್‌ನಂಥವನ್ನು ಸೇರಿಸಿದರೆ ಅದು 1.7 ಕೋಟಿ ಮೀರುತ್ತದೆ. ಆದರೆ ಒಂದು ಬ್ಯಾರೆಲ್ ಈಥೇನ್‌ನಲ್ಲಿ ಸುಮಾರು 2.9 ಗಿಗಾಜೂಲ್, ಕಚ್ಚಾ ತೈಲದಲ್ಲಿ ಸುಮಾರು 6, ಅಂದರೆ ಅರ್ಧಕ್ಕಿಂತ ಕಡಿಮೆ. ಶೇಲ್, ಅಂದರೆ ಜೇಡಿಪದರದ ಬಂಡೆಯನ್ನು ಒಡೆದು ತೆಗೆಯುವ ತೈಲ ಮತ್ತು ಅನಿಲ, ಬೆಳೆದಂತೆ ಈ ಹಗುರ ದ್ರವಗಳ ಪಾಲೂ ಬೆಳೆದಿರುವುದರಿಂದ ಬ್ಯಾರೆಲ್ ಎಣಿಸಿದವರಿಗೆ ಉತ್ತರ ಅಮೆರಿಕದ ಏರಿಕೆ ನಿಜಕ್ಕಿಂತ ದಪ್ಪವಾಗಿ ಕಂಡಿದೆ. ರಿಫೈನರಿಯಲ್ಲಿ ಸಂಸ್ಕರಿಸುವಾಗ ಹಿಗ್ಗುವ ಗಾತ್ರವನ್ನಂತೂ ಪ್ರಾಥಮಿಕ ಉತ್ಪಾದನೆಗೆ ಸೇರಿಸಲೇಬಾರದು. ಅಲ್ಲಿ ಗಾತ್ರ ಹೆಚ್ಚುತ್ತದೆ, ಶಕ್ತಿಯಲ್ಲ.

ಆರಂಭದ 620 ಮತ್ತು 592ರ ಗುಟ್ಟಿರುವುದು ವಿದ್ಯುತ್ತಿನಲ್ಲಿ. ಕಲ್ಲಿದ್ದಲಿಗೆ ಉಷ್ಣಮೌಲ್ಯವಿದೆ, ಗಾಳಿಗೆ, ಬಿಸಿಲಿಗೆ, ಹರಿಯುವ ನೀರಿಗೆ ಏನು ಹಿಡಿಯುವುದು? ಒಂದು ಪದ್ಧತಿಯ ಪ್ರಕಾರ ಹೊರಬಂದ ವಿದ್ಯುತ್ತೇ ಪ್ರಾಥಮಿಕ ಶಕ್ತಿ: 1,000 ಟೆರಾವಾಟ್ ಅವರ್‌ಗೆ 3.6 ಎಕ್ಸಾಜೂಲ್. ಇನ್ನೊಂದರ ಪ್ರಕಾರ ಅಷ್ಟೇ ವಿದ್ಯುತ್ತನ್ನು ಶೇ. 40ರ ದಕ್ಷತೆಯ ಉಷ್ಣ ಸ್ಥಾವರದಲ್ಲಿ ತಯಾರಿಸಲು ಬೇಕಾಗುತ್ತಿದ್ದ ಇಂಧನವನ್ನು ಬರೆಯಬೇಕು: 9 ಎಕ್ಸಾಜೂಲ್. ಬಿಪಿ 1952ರಲ್ಲಿ ಶುರುಮಾಡಿ 2023ರಲ್ಲಿ ಎನರ್ಜಿ ಇನ್‌ಸ್ಟಿಟ್ಯೂಟ್‌ಗೆ ಹಸ್ತಾಂತರಿಸಿದ ವರದಿ 2024ರ ಆವೃತ್ತಿಯವರೆಗೂ ಎರಡನೆಯದನ್ನು ಹಿಡಿದಿತ್ತು. 2025ರ ಆವೃತ್ತಿಯಲ್ಲಿ ಮೊದಲನೆಯದಕ್ಕೆ ಹೊರಳಿತು. ಇಐಎ ಕೂಡ 2023ರಲ್ಲಿ ಇಂಥದ್ದೇ ಬದಲಾವಣೆ ಮಾಡಿಕೊಂಡಿತು. ಐಇಎ ಹಿಂದಿನಿಂದಲೂ ಮೊದಲ ಪದ್ಧತಿಯದ್ದೇ. ಆದರೆ ಅಲ್ಲಿ ಅಣುಶಕ್ತಿಗೆ ಶೇ. 33, ಭೂತಾಪ ವಿದ್ಯುತ್ತಿಗೆ ಶೇ. 10ರ ದಕ್ಷತೆ ಹಿಡಿಯುತ್ತಾರೆ. ಹಾಗಾಗಿ 1,000 ಟೆರಾವಾಟ್ ಅವರ್ ಅಣುವಿದ್ಯುತ್ 10.9 ಎಕ್ಸಾಜೂಲ್ ಆಗುತ್ತದೆ, ಅಷ್ಟೇ ಜಲವಿದ್ಯುತ್ 3.6ಕ್ಕೆ ನಿಲ್ಲುತ್ತದೆ.

ಇದರ ಪರಿಣಾಮ ಯುರೋಪಿನ 2022ರಲ್ಲಿ ಕಣ್ಣಿಗೆ ರಾಚುತ್ತದೆ. ಫ್ರಾನ್ಸಿನ ರಿಯಾಕ್ಟರುಗಳ ಪೈಪುಗಳಲ್ಲಿ ಒತ್ತಡದಿಂದಾದ ತುಕ್ಕುಬಿರುಕುಗಳು ಪತ್ತೆಯಾಗಿ ಹಲವನ್ನು ನಿಲ್ಲಿಸಬೇಕಾಯಿತು. ಅಣುವಿದ್ಯುತ್ 361 ಟೆರಾವಾಟ್ ಅವರ್‌ನಿಂದ 279ಕ್ಕೆ ಇಳಿಯಿತು. ಆ 82ರ ಇಳಿಕೆ ಐಇಎ ಲೆಕ್ಕದಲ್ಲಿ 0.9 ಎಕ್ಸಾಜೂಲ್. ಅದೇ ಪ್ರಮಾಣದ ವಿದ್ಯುತ್ ಬರಗಾಲದಿಂದ ಅಣೆಕಟ್ಟುಗಳಲ್ಲಿ ತಪ್ಪಿದ್ದರೆ ಬರಿಯ 0.3. ಗ್ರಿಡ್‌ಗೆ ಎರಡೂ ಒಂದೇ ನಷ್ಟ, ಕೋಷ್ಟಕದಲ್ಲಿ ಮೂರು ಪಟ್ಟು ಅಂತರ. ಜಪಾನಿನದು ಇನ್ನೂ ಸ್ಪಷ್ಟ ಉದಾಹರಣೆ. 2010ರಲ್ಲಿ ಸುಮಾರು 288 ಟೆರಾವಾಟ್ ಅವರ್ ಇದ್ದ ಅಣುವಿದ್ಯುತ್ ಫುಕುಶಿಮಾ ನಂತರ 2014ರಲ್ಲಿ ಸೊನ್ನೆಯಾಯಿತು, 3.1 ಎಕ್ಸಾಜೂಲ್ ದೇಶೀಯ ಉತ್ಪಾದನೆ ಮಾಯ. ಸ್ವಾವಲಂಬನೆಯ ಪ್ರಮಾಣ, ಅಂದರೆ ಬೇಕಾದ ಶಕ್ತಿಯಲ್ಲಿ ದೇಶದೊಳಗೇ ಸಿಗುವ ಪಾಲು, ಶೇ. 20ರಿಂದ ಶೇ. 6ರ ಹತ್ತಿರಕ್ಕೆ ಬಿತ್ತು. ವಿಚಿತ್ರವೆಂದರೆ ಯುರೇನಿಯಂ ಹೊರಗಿನಿಂದಲೇ ಬರುತ್ತಿತ್ತು. ರಿಯಾಕ್ಟರಿನ ಶಾಖವನ್ನು ದೇಶೀಯ ಉತ್ಪಾದನೆ ಎನ್ನುವುದು ಒಪ್ಪಂದದ ಮಾತಷ್ಟೇ.

ಸೌರಶಕ್ತಿಯಲ್ಲಿ ಇದು ತಿರುಗುಮುರುಗಾಗುತ್ತದೆ. ಚೀನಾ 2023ರಲ್ಲಿ 217 ಗಿಗಾವಾಟ್ ಸೌರ ಸಾಮರ್ಥ್ಯ ಜೋಡಿಸಿತು. ವರ್ಷಕ್ಕೆ 1,200 ಗಂಟೆ ಪೂರ್ಣ ಸಾಮರ್ಥ್ಯದಲ್ಲಿ ದುಡಿಯುತ್ತದೆಂದು ಹಿಡಿದರೆ 260 ಟೆರಾವಾಟ್ ಅವರ್. ಒಂದು ಪದ್ಧತಿಯಲ್ಲಿ 0.94 ಎಕ್ಸಾಜೂಲ್, ಇನ್ನೊಂದರಲ್ಲಿ 2.3. ಅದೂ ಪೂರ್ತಿ 2023ರ ಕಾಲಂಗೆ ಬರುವುದಿಲ್ಲ. ವರ್ಷವಿಡೀ ಸಮನಾಗಿ ಜೋಡಿಸಿದ್ದರೂ ಮೊದಲ ವರ್ಷ ಸಿಗುವುದು ಅರ್ಧ. ಅಲ್ಲಿ ಡಿಸೆಂಬರ್‌ನಲ್ಲಿ ಸ್ಥಾವರಗಳು ಗುಡ್ಡೆ ಬೀಳುವುದರಿಂದ ಇನ್ನೂ ಕಡಿಮೆ. ಹಾಗಾಗಿ ಸಾಮರ್ಥ್ಯದ ಸುದ್ದಿ ಒಂದು ವರ್ಷದ್ದಾದರೆ ಉತ್ಪಾದನೆಯ ಏರಿಕೆ ಹೆಚ್ಚಾಗಿ ಮುಂದಿನ ವರ್ಷದ್ದು.

ಇನ್ನು ಕೋಷ್ಟಕ ಕಟ್ಟುವ ಕೆಲಸ. ಒಂದೇ ಮೂಲದ ಒಂದೇ ಆವೃತ್ತಿಯಿಂದ ಪೂರ್ತಿ ಸರಣಿಯನ್ನು ಇಳಿಸಿಕೊಳ್ಳಿ. ಹಳೆಯ ಫೈಲಿಗೆ ಹೊಸ ವರ್ಷದ ಒಂದೇ ಕಾಲಂ ಅಂಟಿಸುವುದು ಬೇಡ. ಪ್ರತಿ ಆವೃತ್ತಿಯಲ್ಲೂ ಹಿಂದಿನ ವರ್ಷಗಳು ಪರಿಷ್ಕೃತವಾಗುತ್ತವೆ, ಮತ್ತು ಆ ಪರಿಷ್ಕರಣೆ ಎಷ್ಟೋ ಸಲ ಒಂದು ವರ್ಷದ ಬೆಳವಣಿಗೆಯಷ್ಟೇ ದೊಡ್ಡದಿರುತ್ತದೆ. 2013ರ ಆರ್ಥಿಕ ಗಣತಿಯ ನಂತರ ಚೀನಾ ತನ್ನ 2012ರ ಕಲ್ಲಿದ್ದಲು ಬಳಕೆಯನ್ನು ಸುಮಾರು 60 ಕೋಟಿ ಟನ್, ಅಂದರೆ ಶೇ. 17ರಷ್ಟು ಮೇಲಕ್ಕೆ ತಿದ್ದಿತು. ಸಾಲುಗಳಲ್ಲಿ ದೇಶ ಮತ್ತು ಇಂಧನ ಸೇರಿದ ಜೋಡಿ, ಕಾಲಂಗಳಲ್ಲಿ ವರ್ಷ. ಪ್ರದೇಶದ ಮೊತ್ತವನ್ನು ಮೂಲದಿಂದ ನಕಲು ಮಾಡದೆ ನಿಮ್ಮದೇ ದೇಶಪಟ್ಟಿಯಿಂದ ಕೂಡಿಸಿ. ಮೆಕ್ಸಿಕೊ ಒಂದು ಕಡೆ ಉತ್ತರ ಅಮೆರಿಕದಲ್ಲಿ, ಇನ್ನೊಂದು ಕಡೆ ಲ್ಯಾಟಿನ್ ಅಮೆರಿಕದಲ್ಲಿ ಇರುತ್ತದೆ. ಬಿಪಿ ವರದಿಯಲ್ಲಿ ರಷ್ಯಾ ಬಹುಕಾಲ ‘ಯುರೋಪ್ ಮತ್ತು ಯುರೇಷ್ಯಾ’ ಎಂಬ ಒಂದೇ ಗುಂಪಿನಲ್ಲಿತ್ತು. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಎಂಬ ಗುಂಪಿಗೆ 2010ರಲ್ಲಿ ಚಿಲಿ, 2018ರಲ್ಲಿ ಲಿಥುವೇನಿಯಾ, 2020ರಲ್ಲಿ ಕೊಲಂಬಿಯಾ ಸೇರಿದವು. ಕಲ್ಲಿದ್ದಲು ರಫ್ತಿನ ದೊಡ್ಡ ದೇಶವಾದ ಕೊಲಂಬಿಯಾ ಗುಂಪು ಬದಲಿಸಿದರೆ ಎರಡೂ ಗುಂಪುಗಳ ಏರಿಳಿತ ಕೆಡುತ್ತದೆ. ಸೋವಿಯತ್ ಒಕ್ಕೂಟದ ಗಣರಾಜ್ಯಗಳಿಗೆ ಬೇರೆಬೇರೆ ಸಾಲುಗಳು ಹಲವು ಮೂಲಗಳಲ್ಲಿ ಸಿಗುವುದು 1990ರ ಆಸುಪಾಸಿನಿಂದಷ್ಟೇ. ಅದಕ್ಕೂ ಹಿಂದೆ ಹೋಗಬೇಕಾದರೆ ಯುರೇಷ್ಯಾವನ್ನು ಒಂದೇ ತುಂಡಾಗಿ ಇಡಿ.

ವ್ಯತ್ಯಾಸವನ್ನು ಮೊದಲು ಎಕ್ಸಾಜೂಲ್‌ನಲ್ಲೇ ತೆಗೆಯಿರಿ, ಶೇಕಡಾ ಆಮೇಲೆ. ಲಿಬಿಯಾದ ತೈಲ 2010ರಲ್ಲಿ ದಿನಕ್ಕೆ ಸುಮಾರು 16.5 ಲಕ್ಷ ಬ್ಯಾರೆಲ್, ಅಂತರ್ಯುದ್ಧದ 2011ರಲ್ಲಿ ಸುಮಾರು 5 ಲಕ್ಷ, 2012ರಲ್ಲಿ ಸುಮಾರು 15 ಲಕ್ಷ. ಶೇಕಡಾದಲ್ಲಿ ಹೇಳಿದರೆ 70 ಇಳಿಕೆ, ಮರುವರ್ಷ 200 ಏರಿಕೆ. ಎರಡನೆಯದನ್ನು ಮಾತ್ರ ಓದಿದವರಿಗೆ ಪವಾಡದಂತೆ ಕಾಣುತ್ತದೆ. ಎಕ್ಸಾಜೂಲ್‌ನಲ್ಲಿ 2.4 ಇಳಿಕೆ, 2.1 ಏರಿಕೆ, ಕಥೆ ಸರಿಹೋಯಿತು. ಶೇಕಡಾ ಬೇಕೇ ಬೇಕೆಂದರೆ ಸಹಜ ಲಾಗರಿದಮ್‌ನ ವ್ಯತ್ಯಾಸ ಬಳಸಿ: ಮೈನಸ್ 1.19, ಪ್ಲಸ್ 1.10, ಎರಡೂ ಸೇರಿ ಮೈನಸ್ 0.09. ಇವನ್ನು ಕೂಡಿಸಬಹುದು, ಶೇಕಡಾಗಳನ್ನು ಕೂಡಿಸುವಂತಿಲ್ಲ. ಪ್ರದೇಶದ ಬದಲಾವಣೆಯನ್ನು ಹಿಂದಿನ ವರ್ಷದ ಜಾಗತಿಕ ಮೊತ್ತದಿಂದ ಭಾಗಿಸಿದರೆ ಜಗತ್ತಿನ ಬೆಳವಣಿಗೆಗೆ ಆ ಪ್ರದೇಶ ಕೊಟ್ಟ ಪಾಲು ಸಿಗುತ್ತದೆ. ಕೊನೆಗೆ 0.5 ಎಕ್ಸಾಜೂಲ್ ಮೀರಿದ ಪ್ರತಿ ಕೋಶಕ್ಕೆ ಬಣ್ಣ ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ. ಕಾರಣ ಸಿಗದಿದ್ದರೆ ಮೊದಲು ಅಳತೆಯನ್ನು ಅನುಮಾನಿಸಿ.

ಅಧಿಕ ವರ್ಷವನ್ನು ಬಹಳ ಮಂದಿ ಮರೆಯುತ್ತಾರೆ. ಒಂದು ದಿನ ಹೆಚ್ಚಿದರೆ ಶೇ. 0.27, 600 ಎಕ್ಸಾಜೂಲ್‌ನ ಮೇಲೆ 1.6. ಫ್ರಾನ್ಸಿನ ರಿಯಾಕ್ಟರುಗಳ ಇಡೀ ನಷ್ಟಕ್ಕಿಂತ ಹೆಚ್ಚು. ಬಿಪಿ ಸಂಪ್ರದಾಯದ ವರದಿಯಲ್ಲಿ ಬೆಳವಣಿಗೆ ದರಗಳನ್ನು ಇದಕ್ಕಾಗಿ ಸರಿದೂಗಿಸಿರುತ್ತಾರೆ. ಅಲ್ಲಿಯ ಶೇಕಡಾ ನೀವು ಹಾಕಿದ ಭಾಗಾಕಾರಕ್ಕೆ ತಾಳೆಯಾಗದಿದ್ದರೆ ಇದೇ ಕಾರಣವಿರಬಹುದು. ವರ್ಷದ ಆರಂಭವೂ ಎಲ್ಲೆಡೆ ಜನವರಿ ಅಲ್ಲ. ಭಾರತದ ಅಂಕಿ ಏಪ್ರಿಲ್‌ನಿಂದ ಮಾರ್ಚ್, ಆಸ್ಟ್ರೇಲಿಯಾದ್ದು ಜುಲೈಯಿಂದ ಜೂನ್. 2020ರ ಏಪ್ರಿಲ್-ಜೂನ್ ಹೊಡೆತ ಭಾರತದಲ್ಲಿ 2020-21ಕ್ಕೆ ಬಿದ್ದರೆ ಆಸ್ಟ್ರೇಲಿಯಾದಲ್ಲಿ 2019-20ರ ಬಾಲಕ್ಕೆ ಬೀಳುತ್ತದೆ.

ಈ ಕಸವೆಲ್ಲ ಗುಡಿಸಿದ ಮೇಲೆ ಪ್ರದೇಶಗಳ ಸ್ವಭಾವ ಕಾಣತೊಡಗುತ್ತದೆ.

ಪಶ್ಚಿಮ ಏಷ್ಯಾದ ಅಂಕಿ ಅಲ್ಲಾಡುವುದು ನಿರ್ಧಾರಗಳಿಂದ. ಸೌದಿ ಅರೇಬಿಯಾ 1980ರಲ್ಲಿ ದಿನಕ್ಕೆ ಸುಮಾರು 1 ಕೋಟಿ ಬ್ಯಾರೆಲ್ ತೆಗೆಯುತ್ತಿದ್ದದ್ದು ಬೆಲೆ ಹಿಡಿದಿಡಲು ಹೋಗಿ 1985ರ ಹೊತ್ತಿಗೆ 35 ಲಕ್ಷದ ಆಸುಪಾಸಿಗೆ ಇಳಿಸಿತು. ಒಂದೇ ದೇಶದಿಂದ 13 ಎಕ್ಸಾಜೂಲ್‌ಗೂ ಹೆಚ್ಚು ಹೋಯಿತು, ಬಾವಿ ಬತ್ತಿದ್ದಕ್ಕಲ್ಲ. ಕಡಿತದ ತಿಂಗಳು ಯಾವುದೆಂದು ನೋಡುವುದೂ ಮುಖ್ಯ. 2023ರ ಜುಲೈಯಲ್ಲಿ ಸೌದಿ ಮಾಡಿದ 10 ಲಕ್ಷ ಬ್ಯಾರೆಲ್‌ನ ಕಡಿತ 2024ರಲ್ಲೂ ಮುಂದುವರಿಯಿತು. ಬೇರೇನೂ ಬದಲಾಗದೆ ಇದ್ದಿದ್ದರೂ 2023ರಲ್ಲಿ 1 ಎಕ್ಸಾಜೂಲ್, 2024ರಲ್ಲಿ ಮತ್ತೆ 1 ಎಕ್ಸಾಜೂಲ್ ಇಳಿಕೆ ಕಾಣುತ್ತಿತ್ತು. ನಿರ್ಧಾರ ಒಂದೇ, ಇಳಿದ ವರ್ಷ ಎರಡು. ಇದಕ್ಕೆ ತದ್ವಿರುದ್ಧ 2019ರ ಸೆಪ್ಟೆಂಬರ್ 14ರಂದು ಸೌದಿಯ ಅಬ್ಕೈಕ್ ತೈಲ ಸಂಸ್ಕರಣಾ ಕೇಂದ್ರದ ಮೇಲೆ ನಡೆದ ದಾಳಿ. ದಿನಕ್ಕೆ 57 ಲಕ್ಷ ಬ್ಯಾರೆಲ್ ನಿಂತಿತು, ಜಗತ್ತು ಬೆಚ್ಚಿತು. ಪೂರ್ತಿ ಎರಡು ವಾರ ನಿಂತಿತ್ತೆಂದೇ ಇಟ್ಟುಕೊಂಡರೂ ವರ್ಷದ ಸರಾಸರಿಯಲ್ಲಿ ಅದು 2.2 ಲಕ್ಷ ಬ್ಯಾರೆಲ್ ಮಾತ್ರ. 2020ರ ಏಪ್ರಿಲ್‌ನಲ್ಲಿ ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ಪ್ಲಸ್ ಘೋಷಿಸಿದ 97 ಲಕ್ಷ ಬ್ಯಾರೆಲ್‌ನ ಕಡಿತವನ್ನೂ ಹಾಗೇ ಎತ್ತಿ ಕೋಷ್ಟಕಕ್ಕೆ ಹಾಕಬಾರದು. ಅದು ಶುರುವಾದದ್ದು ಮೇನಲ್ಲಿ, ಆಗಸ್ಟ್‌ನಿಂದ 77 ಲಕ್ಷಕ್ಕೆ ಸಡಿಲವಾಯಿತು. ಹನ್ನೆರಡು ತಿಂಗಳಿಗೆ ಹರಡಿದರೆ 56 ಲಕ್ಷ. ಕಡಿತವನ್ನು ಯಾವ ಮಟ್ಟದಿಂದ ಎಣಿಸಿದರೋ ಆ ಮೂಲರೇಖೆಯಂತೂ 2019ರ ಸರಾಸರಿಯೇ ಅಲ್ಲ.

ಉತ್ತರ ಅಮೆರಿಕ ಬೆಲೆಗೆ ಸ್ಪಂದಿಸುತ್ತದೆ, ಆದರೆ ತಡವಾಗಿ. 2014ರ ಮಧ್ಯದಲ್ಲಿ ಬೆಲೆ ಬಿತ್ತು. ಅಮೆರಿಕದ ಕಚ್ಚಾ ತೈಲ ದಿನಕ್ಕೆ 2014ರಲ್ಲಿ 88 ಲಕ್ಷ, 2015ರಲ್ಲಿ 94 ಲಕ್ಷ, 2016ರಲ್ಲಿ ಮತ್ತೆ 88 ಲಕ್ಷ ಬ್ಯಾರೆಲ್. ಬೆಲೆ ಕುಸಿದ ಮೇಲೂ ಒಂದು ವರ್ಷ ಏರಿತು, ಏಕೆಂದರೆ ಬಾವಿ ಕೊರೆಯುವ ರಿಗ್‌ಗಳು ನಿಲ್ಲಲು, ಕೊರೆದಿಟ್ಟ ಬಾವಿಗಳು ಮುಗಿಯಲು ತಿಂಗಳುಗಳು ಬೇಕು. ಶೇಲ್ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಬೀಳುವುದರಿಂದ ಕೊರೆಯುವುದು ನಿಂತರೆ ಆಮೇಲಿನ ಇಳಿತ ಜೋರು.

ಯುರೇಷ್ಯಾದಲ್ಲಿ ಕುಸಿತಗಳು ವ್ಯವಸ್ಥೆ ಮುರಿದಾಗ ಬರುತ್ತವೆ. ರಷ್ಯಾದ ತೈಲ 1980ರ ದಶಕದ ಕೊನೆಯಲ್ಲಿ ದಿನಕ್ಕೆ 1.1 ಕೋಟಿ ಬ್ಯಾರೆಲ್ ಮೀರಿದ್ದು 1996ರ ಹೊತ್ತಿಗೆ 60 ಲಕ್ಷಕ್ಕೆ ಬಂತು. 2022ರದ್ದು ಬೇರೆ ಬಗೆ: ಅನಿಲ ಒಂದೇ ವರ್ಷದಲ್ಲಿ ಸುಮಾರು 8,400 ಕೋಟಿ ಘನ ಮೀಟರ್, ಅಂದರೆ 3 ಎಕ್ಸಾಜೂಲ್ ಇಳಿಯಿತು. ಯುರೋಪಿಗೆ ಹೋಗುವ ಪೈಪುಗಳು ನಿಂತ ಮೇಲೆ ಪಶ್ಚಿಮ ಸೈಬೀರಿಯಾದ ಅನಿಲಕ್ಕೆ ಬೇರೆ ದಾರಿ ಇರಲಿಲ್ಲ. ಚೀನಾಕ್ಕೆ ಹೋಗುವ ‘ಪವರ್ ಆಫ್ ಸೈಬೀರಿಯಾ’ ಪೈಪಿಗೆ ಅನಿಲ ಬರುವುದು ಪೂರ್ವದ ಚಯಾಂಡಾ, ಕೊವಿಕ್ಟಾ ನಿಕ್ಷೇಪಗಳಿಂದ. ಪಶ್ಚಿಮದವು ಅದಕ್ಕೆ ಜೋಡಣೆಯೇ ಆಗಿಲ್ಲ.

ಯುರೋಪಿನದು ನಿಧಾನದ ಇಳಿಜಾರು. ಬ್ರಿಟನ್ನಿನ ತೈಲ 1999ರಲ್ಲಿ, ನಾರ್ವೆಯದು 2001ರಲ್ಲಿ ಶಿಖರ ಮುಟ್ಟಿದವು. ನಡುನಡುವೆ ಗುಂಡಿಗಳೂ ಇವೆ. 1984ರ ಗಣಿ ಮುಷ್ಕರದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಸುಮಾರು 12 ಕೋಟಿ ಟನ್ನಿನಿಂದ 5 ಕೋಟಿಗೆ ಬಿದ್ದು ಮರುವರ್ಷ ಚೇತರಿಸಿಕೊಂಡಿತು. ಗ್ರೊನಿಂಗೆನ್ ಮಾತ್ರ ಅನಿಲ ಖಾಲಿಯಾಗಿ ಮುಚ್ಚಿದ್ದಲ್ಲ. ಅನಿಲ ತೆಗೆದದ್ದರಿಂದಲೇ ಉಂಟಾದ 2012ರ 3.6 ತೀವ್ರತೆಯ ಭೂಕಂಪನದ ನಂತರ ವರ್ಷವರ್ಷ ಮಿತಿ ಬಿಗಿಮಾಡುತ್ತ ಬಂದು 2023ರ ಅಕ್ಟೋಬರ್ 1ಕ್ಕೆ ಉತ್ಪಾದನೆ ನಿಲ್ಲಿಸಿದರು.

ಏಷ್ಯಾದ ಮೊತ್ತವನ್ನು ಚೀನಾದ ಗಣಿಗಳೇ ಆಳುತ್ತವೆ. 2016ರಲ್ಲಿ ಅಲ್ಲಿನ ಸರ್ಕಾರ ಗಣಿಗಳ ಕೆಲಸದ ದಿನಗಳನ್ನು 330ರಿಂದ 276ಕ್ಕೆ ಇಳಿಸಿತು. ಆ ವರ್ಷ ಜಗತ್ತಿನ ಕಲ್ಲಿದ್ದಲು ಉತ್ಪಾದನೆ ಬಿಪಿ ಲೆಕ್ಕದಲ್ಲಿ 23.1 ಕೋಟಿ ಟನ್ ತೈಲಸಮಾನದಷ್ಟು, ಅಂದರೆ 9.7 ಎಕ್ಸಾಜೂಲ್ ಕುಸಿಯಿತು. ಅದರಲ್ಲಿ ಚೀನಾದ್ದು 14 ಕೋಟಿ, ಅಮೆರಿಕದ್ದು 8.5 ಕೋಟಿ. ಅಮೆರಿಕದಲ್ಲಿ ಅಗ್ಗದ ಅನಿಲ ಕಲ್ಲಿದ್ದಲನ್ನು ತಳ್ಳಿತು, ಚೀನಾದಲ್ಲಿ ಒಂದು ಸುತ್ತೋಲೆ. ಬೆಲೆ ಗಗನಕ್ಕೇರಿದಾಗ ಅದೇ ವರ್ಷದ ಕೊನೆಯಲ್ಲಿ ನಿಯಮ ಸಡಿಲಿಸಿದರು.

ದಕ್ಷಿಣ ಅಮೆರಿಕದಲ್ಲಿ ವೆನೆಜುವೆಲಾದ ಇಳಿಕೆಯನ್ನು ಬ್ರೆಜಿಲ್, ಗಯಾನಾಗಳ ಏರಿಕೆ ಮುಚ್ಚಿಹಾಕುವುದರಿಂದ ಪ್ರದೇಶದ ಮೊತ್ತ ನೋಡಿ ಪ್ರಯೋಜನವಿಲ್ಲ. ದೇಶವಾರು ಸಾಲಿಗೇ ಹೋಗಬೇಕು.

ಆಫ್ರಿಕಾದಲ್ಲಿ ತೊಡಕು ಸೌದೆಯದು. ಸಹಾರಾದ ದಕ್ಷಿಣಕ್ಕೆ ಸೌದೆ, ಇದ್ದಿಲುಗಳದ್ದೇ ದೊಡ್ಡ ಪಾಲು, ಅದನ್ನು ಯಾರೂ ತೂಗುವುದಿಲ್ಲ. ಯಾವಾಗಲೋ ಮಾಡಿದ ಸಮೀಕ್ಷೆಯ ತಲಾ ಬಳಕೆಯನ್ನು ಆಯಾ ವರ್ಷದ ಜನಸಂಖ್ಯೆಯಿಂದ ಗುಣಿಸುತ್ತಾರೆ. ಐಇಎ ಇದನ್ನು ಸೇರಿಸುತ್ತದೆ, ಇಐಎ ಮಾರುಕಟ್ಟೆಗೆ ಬಾರದ ಸೌದೆಯನ್ನು ಬಿಡುತ್ತದೆ. ಸೇರಿಸಿದ ಸರಣಿಯಲ್ಲಿ ಆಫ್ರಿಕಾದ ಉತ್ಪಾದನೆ ವರ್ಷಕ್ಕೆ ಶೇ. 2-3ರಂತೆ ಸದ್ದಿಲ್ಲದೆ ಏರುತ್ತಿರುವಂತೆ ಕಂಡರೆ ಅದರಲ್ಲಿ ಬಹುಪಾಲು ಜನಸಂಖ್ಯೆಯ ಬೆಳವಣಿಗೆಯೇ. ಲಿಬಿಯಾದ ತೈಲವನ್ನೂ ಈ ಅಂದಾಜನ್ನೂ ಒಂದೇ ಗೆರೆಯಲ್ಲಿ ಕೂಡಿಸಿದರೆ ಯಾವುದೂ ತಿಳಿಯುವುದಿಲ್ಲ. ಸೌದೆಯ ಸಾಲನ್ನು ಬೇರೆ ಹಾಳೆಗೆ ಹಾಕಿ, ತಲಾ ಬಳಕೆಯ ಊಹೆ ಕೊನೆಯ ಸಲ ಬದಲಾದ ವರ್ಷವನ್ನು ಅದರ ಪಕ್ಕದಲ್ಲೇ ಬರೆದಿಡಿ.